ರನ್ ಬಟನ್ ಒತ್ತುವ ಮೊದಲು ಪೆನ್ಸಿಲ್ ಹಿಡಿಯಿರಿ

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತು ಹೊಸದಾಗಿ ಬಂದವರಿಗೆ ನಾನು ಮೊದಲು ಕೊಡುವುದು ಒಂದು ಹಾಳೆ ಮತ್ತು ಪೆನ್ಸಿಲ್. ಕ್ಲಾಸ್ ಅಂದ್ರೇನು, ಇನ್‌ಹೆರಿಟೆನ್ಸ್ ಅಂದ್ರೇನು ಎಂದು ಕೇಳಿದರೆ ಎಲ್ಲರೂ ಪಟಪಟನೆ ಹೇಳುತ್ತಾರೆ. ಹತ್ತು ಸಾಲಿನ ಕೋಡ್ ಕೊಟ್ಟು ಔಟ್‌ಪುಟ್ ಬರೆಯಿರಿ ಎಂದಾಗ ತಡವರಿಸುತ್ತಾರೆ. ಬಾಯಿಪಾಠ ಮಾಡಿದ ವ್ಯಾಖ್ಯೆ ಅಲ್ಲಿ ಕೈಹಿಡಿಯುವುದಿಲ್ಲ.

ಒಂದು ಉದಾಹರಣೆ ನೋಡೋಣ. ‘ಖಾತೆ’ ಎಂಬ ಕ್ಲಾಸ್ (ಆಬ್ಜೆಕ್ಟ್ ಮಾಡುವ ಅಚ್ಚು) ಇದೆ. ಅದರಲ್ಲಿ ಬೆಲೆ ಇಡುವ ‘ಬ್ಯಾಲೆನ್ಸ್’ ಎಂಬ ಫೀಲ್ಡ್, ದುಡ್ಡು ಸೇರಿಸುವ ‘ಜಮಾ’ ಎಂಬ ಮೆಥಡ್. ಮೊದಲ ಸಾಲಿನಲ್ಲಿ, ಹೊಸ ಆಬ್ಜೆಕ್ಟ್ ಮಾಡುವ ‘ನ್ಯೂ’ ಬಳಸಿ 500 ರೂಪಾಯಿಯ ಖಾತೆ ಮಾಡಿ ‘ಎ’ಗೆ ಕೊಡುತ್ತೇವೆ. ಎರಡನೇ ಸಾಲು: ಬಿ = ಎ. ಮೂರನೇ ಸಾಲಿನಲ್ಲಿ ಬಿ ಮೂಲಕ 200 ಜಮಾ. ಈಗ ಎ ಬ್ಯಾಲೆನ್ಸ್ ಎಷ್ಟು?

ತುಂಬಾ ಜನ 500 ಎನ್ನುತ್ತಾರೆ. ಅವರ ಹಾಳೆ ನೋಡಿದರೆ ಕಾರಣ ಗೊತ್ತಾಗುತ್ತದೆ. ಎ ಎಂದು ಬರೆದು ಪಕ್ಕದಲ್ಲೇ 500 ಬರೆದಿರುತ್ತಾರೆ, ಬಿ ಪಕ್ಕದಲ್ಲಿ ಇನ್ನೊಂದು 500. ಹಾಗೆ ಬರೆಯಬೇಡಿ. ಹಾಳೆಯ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಕ್ಕೆ ವೇರಿಯಬಲ್ ಹೆಸರುಗಳು ಮಾತ್ರ, ಬಲಕ್ಕೆ ಆಬ್ಜೆಕ್ಟ್‌ಗಳ ಡಬ್ಬಿಗಳು. ‘ನ್ಯೂ’ ಓಡಿದಾಗ ಮಾತ್ರ ಹೊಸ ಡಬ್ಬಿ. ಇಲ್ಲಿ ನ್ಯೂ ಒಂದೇ ಸಲ ಬಂದಿದೆ, ಹಾಗಾಗಿ ಡಬ್ಬಿಯೂ ಒಂದೇ. ಎ, ಬಿ ಎರಡರಿಂದಲೂ ಅದಕ್ಕೇ ಬಾಣ. ಉತ್ತರ 700.

ಹಳೆಯ ಬೆಲೆಯನ್ನು ರಬ್ಬರ್‌ನಿಂದ ಅಳಿಸಬೇಡಿ, ಅಡ್ಡಗೆರೆ ಹೊಡೆದು ಪಕ್ಕದಲ್ಲಿ ಹೊಸದು ಬರೆಯಿರಿ. ಎಲ್ಲಿ ತಪ್ಪಿತು ಎಂದು ಹಿಂದಕ್ಕೆ ಹೋಗಿ ನೋಡಲು ಅದು ಬೇಕು.

ಈಗ ಮೆಥಡ್‌ಗೆ ಬನ್ನಿ. ‘ಬದಲಿಸು’ ಎಂಬ ಮೆಥಡ್‌ಗೆ ಎ ಕಳಿಸುತ್ತೇವೆ, ಅಲ್ಲಿ ಅದರ ಹೆಸರು ‘ಕೆ’. ಒಳಗೆ ಕೆ ಮೂಲಕ 100 ಜಮಾ ಆಗುತ್ತದೆ. ಆಮೇಲೆ ಕೆಗೆ ಸೊನ್ನೆ ಬ್ಯಾಲೆನ್ಸಿನ ಹೊಸ ಖಾತೆ ಕೊಡುತ್ತೇವೆ. ಹೊರಗೆ ಬಂದಾಗ ಎ ಎಷ್ಟು? ಮೆಥಡ್ ಕರೆದ ಕೂಡಲೇ ಎಡಗಡೆ ಕೆಗೆ ಬೇರೆ ಜಾಗ ಮಾಡಿ, ಎ ತೋರಿಸುವ ಡಬ್ಬಿಗೇ ಅದರ ಬಾಣ ಹಾಕಿ. ಜಮಾ ಆದಾಗ ಡಬ್ಬಿಯಲ್ಲಿ 800. ಆಮೇಲೆ ಹೊಸ ಡಬ್ಬಿಗೆ ತಿರುಗಿದ್ದು ಕೆ ಬಾಣ ಮಾತ್ರ, ಎ ಬಾಣ ಅಲುಗಿಲ್ಲ. ಉತ್ತರ 800. ಜಾವಾ ಮೆಥಡ್‌ಗೆ ಕಳಿಸುವುದು ಬಾಣದ ಪ್ರತಿಯನ್ನು ಎಂಬುದು ಚಿತ್ರ ಬಿಡಿಸಿದವರಿಗೆ ಮರೆಯುವುದಿಲ್ಲ.

ಡಬ್ಬಿಯ ತಲೆಯ ಮೇಲೆ ಅದು ಯಾವ ಕ್ಲಾಸಿನದು ಎಂದು ಬರೆಯಲೇಬೇಕು. ಓವರ್‌ರೈಡ್ ಆದ, ಅಂದರೆ ಮೂಲ ಕ್ಲಾಸಿನದನ್ನು ಅದರಿಂದ ಬಂದ ಕ್ಲಾಸ್ ತನ್ನ ರೀತಿಯಲ್ಲಿ ಮತ್ತೆ ಬರೆದ, ಮೆಥಡ್ ಕರೆದಾಗ ಜಾವಾ ನೋಡುವುದು ಆ ಹೆಸರನ್ನೇ. ವೇರಿಯಬಲ್‌ನ ಟೈಪ್ ‘ಖಾತೆ’ ಇರಬಹುದು. ಡಬ್ಬಿ ಮೇಲೆ, ಖಾತೆಯಿಂದ ಇನ್‌ಹೆರಿಟ್ ಆದ ‘ಉಳಿತಾಯಖಾತೆ’ ಎಂದಿದ್ದರೆ ಓಡುವುದು ಉಳಿತಾಯಖಾತೆಯ ಮೆಥಡ್.

ಇಲ್ಲೇ ನನಗೆ ತುಂಬಾ ಇಷ್ಟದ ಪ್ರಶ್ನೆ ಇದೆ. ಖಾತೆಯ ಕನ್‌ಸ್ಟ್ರಕ್ಟರ್ (ಹೊಸ ಆಬ್ಜೆಕ್ಟ್ ಮಾಡುವಾಗ ಓಡುವ ಕೋಡ್) ‘ತೋರಿಸು’ ಎಂಬ ಮೆಥಡ್ ಕರೆಯುತ್ತದೆ. ಉಳಿತಾಯಖಾತೆ ಅದನ್ನು ಓವರ್‌ರೈಡ್ ಮಾಡಿ ತನ್ನ ‘ಬಡ್ಡಿ’ ಫೀಲ್ಡನ್ನು ಪ್ರಿಂಟ್ ಮಾಡುತ್ತದೆ. ಅದು ಮಾಮೂಲಿ ಇಂಟ್ (ಪೂರ್ಣಾಂಕ) ಫೀಲ್ಡ್, ಬಡ್ಡಿ = 4 ಎಂದು ಅಲ್ಲೇ ಬರೆದಿದೆ. ಹೊಸ ಉಳಿತಾಯಖಾತೆ ಮಾಡಿದರೆ ಪ್ರಿಂಟ್ ಆಗುವುದು 0!

ಹಾಳೆ ಮೇಲೆ ನಿಧಾನವಾಗಿ ನೋಡಿ. ನ್ಯೂ ಎಂದ ಕೂಡಲೇ ಡಬ್ಬಿ ಬಂತು, ಬಡ್ಡಿ ಅದರಲ್ಲಿ 0. ಮೊದಲು ಖಾತೆಯ ಕನ್‌ಸ್ಟ್ರಕ್ಟರ್ ಓಡುತ್ತದೆ. ಅದು ತೋರಿಸು ಎಂದಿತು. ಡಬ್ಬಿ ಮೇಲಿನ ಹೆಸರು ಉಳಿತಾಯಖಾತೆ, ಆದ್ದರಿಂದ ಅದರ ತೋರಿಸು ಓಡಿತು. ಬಡ್ಡಿಗೆ 4 ಇನ್ನೂ ಬಂದಿಲ್ಲ, ಖಾತೆಯ ಕನ್‌ಸ್ಟ್ರಕ್ಟರ್ ಮುಗಿದ ಮೇಲಷ್ಟೇ ಅದು ತುಂಬುತ್ತದೆ. ಸಿ ಪ್ಲಸ್ ಪ್ಲಸ್ ಎಂಬ ಇನ್ನೊಂದು ಭಾಷೆಯಲ್ಲಿ ಇದೇ ಜಾಗದಲ್ಲಿ, ಮೆಥಡ್ ವರ್ಚುವಲ್ (ಓವರ್‌ರೈಡ್ ಮಾಡಬಹುದಾದ್ದು) ಆಗಿದ್ದರೂ, ಖಾತೆಯ ತೋರಿಸು ಓಡುತ್ತದೆ. ಅಂದಮೇಲೆ ಯಾವ ಭಾಷೆಯ ಕೋಡನ್ನು ಹೀಗೆ ಸಾಲು ಸಾಲಾಗಿ ಟ್ರೇಸ್ ಮಾಡುತ್ತಿದ್ದೀರಿ ಎಂಬುದನ್ನೂ ಹಾಳೆಯ ಮೇಲೆ ಬರೆದುಕೊಳ್ಳುವುದು ಒಳ್ಳೆಯದು.

ಸ್ಟ್ಯಾಟಿಕ್ ಫೀಲ್ಡ್ (ಕ್ಲಾಸಿನ ಎಲ್ಲ ಆಬ್ಜೆಕ್ಟ್‌ಗಳಿಗೂ ಸೇರಿ ಒಂದೇ ಇರುವುದು) ಇದ್ದರೆ ಡಬ್ಬಿಗಳ ಹೊರಗೆ, ಕ್ಲಾಸಿನ ಹೆಸರಿನಲ್ಲಿ ಒಂದೇ ಕಡೆ ಬರೆಯಿರಿ. ಅಷ್ಟೇ ಸಾಕು.

ಉತ್ತರ ಪೂರ್ತಿ ಬರೆದ ಮೇಲೆ ಕೋಡ್ ರನ್ ಮಾಡಿ. ಹೊಂದದಿದ್ದರೆ ಸುಮ್ನೆ ಸರಿ ಉತ್ತರ ನಕಲು ಮಾಡಿಕೊಳ್ಳಬೇಡಿ, ಹಾಳೆ ಯಾವ ಸಾಲಿನಲ್ಲಿ ದಾರಿ ತಪ್ಪಿತು ಎಂದು ಹುಡುಕಿ. ಫಿಲಿಪ್ ಗುವೋ ಮಾಡಿದ ‘ಪೈಥಾನ್ ಟ್ಯೂಟರ್’ ಎಂಬ ವೆಬ್‌ಸೈಟಿನಲ್ಲಿ ಜಾವಾ ಕೋಡನ್ನೂ ಹಾಕಬಹುದು. ಒಂದೊಂದೇ ಸಾಲಿಗೆ ಡಬ್ಬಿ, ಬಾಣಗಳನ್ನು ಅದೇ ಬಿಡಿಸಿ ತೋರಿಸುತ್ತದೆ. ನಿಮ್ಮ ಚಿತ್ರವನ್ನು ಅದರ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ.