ಆಲಿಕಲ್ಲಿಗೆ ಕಣ್ಣು ಎಣಿಸಲು ಬರುವುದಿಲ್ಲ

ಏಪ್ರಿಲ್‌ನಲ್ಲಿ ವಿಜಯಪುರದಿಂದ ಟಿಕೋಟಾ ಕಡೆ ಹೋದರೆ ಹೊಸಬರಿಗೆ ಗಾಬರಿಯಾಗಬಹುದು. ಫೆಬ್ರವರಿಯಲ್ಲಿ ಗೊನೆ ಜೋತಾಡುತ್ತಿದ್ದ ದ್ರಾಕ್ಷಿ ಪಡ ಈಗ ಬೋಳು. ಎಲೆ ಇಲ್ಲ, ಕುಡಿ ಇಲ್ಲ. ಕಂಬ, ತಂತಿ, ಒಣಗಿದಂತೆ ಕಾಣುವ ಕಾಂಡ, ಅಷ್ಟೇ. ಸಾಲಿನ ನಡುವೆ ಕತ್ತರಿಸಿ ಬಿದ್ದ ಕಡ್ಡಿಗಳ ರಾಶಿ. ಹೀಗೆ ಬಳ್ಳಿ ಕಡಿಯುವುದಕ್ಕೆ ನಮ್ಮಲ್ಲಿ ಚಾಟ್ನಿ ಅಂತಾರೆ. ಮರಾಠಿಯಿಂದ ಬಂದ ಮಾತು. ರೊಟ್ಟಿ ಜೊತೆ ತಿನ್ನೋ ಚಟ್ನಿಗೂ ಇದಕ್ಕೂ ಸಂಬಂಧವಿಲ್ಲ.

ಹೋದ ವರ್ಷ ಚಾಟ್ನಿ ನಡೆದಾಗ ನಾನು ಸೋದರಮಾವನ ಪಡದಲ್ಲಿದ್ದೆ. ಮಾವನ ಮಗ ಸರ್ಕಾರಿ ನೌಕರಿಯ ಪರೀಕ್ಷೆಯಲ್ಲಿ ಮೂರನೇ ಸಲ ಸೋತಿದ್ದ. ಈ ಸಲ ಎರಡೇ ಅಂಕ ಕಡಿಮೆ. ಮನೆಗೆ ಬಂದವರೆಲ್ಲ ‘ಸೋಲೇ ಗೆಲುವಿನ ಮೆಟ್ಟಿಲು’ ಅಂತ ಹೇಳಿ ಚಹಾ ಕುಡಿದು ಹೋಗುತ್ತಿದ್ದರು. ಅವನು ನನ್ನ ಹತ್ತಿರ ಮೆಲ್ಲಗೆ ಕೇಳಿದ: “ಅಣ್ಣಾ, ಮೂರು ಮೆಟ್ಟಲಾ ಆದುವು. ಮಾಳಿಗಿ ಎಲ್ಲೈತಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾವ ಮಾತಾಡದೆ ಕತ್ತರಿ ಆಡಿಸುತ್ತಿದ್ದರು.

ನಮ್ಮ ಹವೆಯಲ್ಲಿ ದ್ರಾಕ್ಷಿಗೆ ನಿಜವಾದ ಚಳಿಗಾಲದ ನಿದ್ದೆ ಇಲ್ಲ. ತಣ್ಣನೆಯ ದೇಶಗಳಲ್ಲಿ ಬಳ್ಳಿ ತಾನೇ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಏಳುತ್ತದೆ. ಇಲ್ಲಿ ಸುಮ್ನೆ ಬಿಟ್ಟರೆ ಅದು ಹಬ್ಬುತ್ತಲೇ ಹೋಗುತ್ತದೆ. ಎಲೆ ಜಾಸ್ತಿ, ಹಣ್ಣು ಕಡಿಮೆ. ಅದಕ್ಕೇ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್‌ನಲ್ಲಿ ಕಡ್ಡಿಯನ್ನು ಬುಡದ ಹತ್ತಿರ, ಸಾಮಾನ್ಯವಾಗಿ ಒಂದೇ ಕಣ್ಣು ಉಳಿಸಿ ಕಡಿಯುತ್ತಾರೆ. ಕಣ್ಣು ಅಂದರೆ ಮೊಗ್ಗು, ಕಬ್ಬಿಗೆ ಹೇಳುವಂತೆಯೇ. ಅಕ್ಟೋಬರ್‌ನಲ್ಲಿ ಮತ್ತೆ ಕಡಿಯುತ್ತಾರೆ, ಆದರೆ ಹಲವು ಕಣ್ಣು ಬಿಟ್ಟು. ಹಣ್ಣು ಬರುವುದು ಈ ಎರಡನೆಯದರ ನಂತರ.

ಹಾಗಾದರೆ ಏಪ್ರಿಲ್ ಚಾಟ್ನಿ ಯಾಕೆ? ಹಣ್ಣಿನ ತೀರ್ಮಾನ ಆಗುವುದೇ ಆಗ! ಕಡಿದ ಮೇಲೆ ಬರುವ ಹೊಸ ಕಡ್ಡಿಯ ಕಣ್ಣುಗಳೊಳಗೆ, ಸುಮಾರು 40ರಿಂದ 60 ದಿನದ ಹೊತ್ತಿಗೆ, ಮುಂದಿನ ಗೊನೆಯ ಮೂಲರೂಪ ಮೂಡುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಒಂದು ಕುಡಿ, ನಾಲ್ಕು ಎಲೆ. ಫೆಬ್ರವರಿಯ ಗೊನೆ ಬೇಸಿಗೆಯಲ್ಲೇ ಒಳಗೆ ಮಡಚಿಕೊಂಡು ಕೂತಿರುತ್ತದೆ.

ನನಗೆ ಬಹಳ ಇಷ್ಟವಾದ ಸಂಗತಿ ಇನ್ನೊಂದಿದೆ. ಕಣ್ಣಿನೊಳಗೆ ಮೊದಲು ಹುಟ್ಟುವುದು ಏನಾಗಬೇಕೆಂದು ಇನ್ನೂ ನಿರ್ಧರಿಸದ ಒಂದು ಪುಟ್ಟ ಉಬ್ಬು. ಅದು ಗೊನೆಯೂ ಆಗಬಹುದು, ತಂತಿಗೆ ಸುತ್ತಿಕೊಳ್ಳುವ ಸುರುಳಿ ಕುಡಿಯೂ ಆಗಬಹುದು. ಎರಡಕ್ಕೂ ಮೂಲ ಒಂದೇ. ಸೈಟೊಕೈನಿನ್ ಎಂಬ ಹಾರ್ಮೋನು ಅದನ್ನು ಗೊನೆಯ ಕಡೆ ಎಳೆಯುತ್ತದೆ, ಉದ್ದ ಬೆಳೆಸುವ ಜಿಬ್ಬರೆಲಿನ್ ಸುರುಳಿಯ ಕಡೆ. 2002ರಲ್ಲಿ ಆಸ್ಟ್ರೇಲಿಯಾದ ಪಾಲ್ ಬಾಸ್ ಮತ್ತು ಮಾರ್ಕ್ ಥಾಮಸ್ ಒಂದು ಕುಳ್ಳ ದ್ರಾಕ್ಷಿ ಬಳ್ಳಿಯ ಬಗ್ಗೆ ಬರೆದರು. ಅದರ ಒಂದು ಜೀನ್ ಕೆಟ್ಟಿತ್ತು, ಜಿಬ್ಬರೆಲಿನ್ ಮಾತು ಅದಕ್ಕೆ ಕೇಳುತ್ತಿರಲಿಲ್ಲ. ಅದು ಎತ್ತರಕ್ಕೆ ಬೆಳೆಯಲೇ ಇಲ್ಲ. ಆದರೆ ಸುರುಳಿ ಬರಬೇಕಾದ ಜಾಗದಲ್ಲೆಲ್ಲ ಹೂಗೊಂಚಲು ಬಿಟ್ಟಿತ್ತು.

ನಮ್ಮ ರೈತರು ಈ ಪ್ರಬಂಧ ಓದಿಲ್ಲ. ಆದರೂ ಚಾಟ್ನಿಯ ನಂತರ ಚಿಗುರಿನ ತುದಿ ಚಿವುಟುತ್ತಾರೆ, ನೀರು ಹಿಡಿತದಲ್ಲಿ ಕೊಡುತ್ತಾರೆ, ಬೆಳವಣಿಗೆ ತಡೆಯುವ ಔಷಧಿ ಹೊಡೆಯುತ್ತಾರೆ. ಓಟ ನಿಲ್ಲಿಸಿದರೆ ಕಣ್ಣು ಗಟ್ಟಿಯಾಗುತ್ತದೆ ಅನ್ನೋ ಲೆಕ್ಕ. ತಮಾಷೆ ಅಂದರೆ, ಗೊನೆ ಬಂದ ಮೇಲೆ ಕಾಯಿ ದಪ್ಪ ಆಗಲಿ ಅಂತ ಇವರೇ ಜಿಬ್ಬರೆಲಿನ್ ಕೊಡುತ್ತಾರೆ. ‘ಜಿಎ ಕೊಟ್ಟಿರೇನ್ರಿ’ ಅಂತ ಬಸ್ಸಿನಲ್ಲೂ ಕೇಳಿಬರುತ್ತದೆ. ಬೇಸಿಗೆಯಲ್ಲಿ ಬೇಡವಾಗಿದ್ದದ್ದೇ ಚಳಿಗಾಲದಲ್ಲಿ ಬೇಕು.

ಇಷ್ಟು ಕೇಳಿ ಮಾವನ ಮಗ ಸುಮ್ಮನಾಗಲಿಲ್ಲ. ಅವನು ಚುರುಕು. “ಕಡದ್ರ ಚಲೋ ಆಗ್ತೈತಿ ಅಂದ್ರ, ಆಲಿಕಲ್ಲ ಬಿದ್ದಾಗ ನಾವ್ಯಾಕ ಅಳ್ತೀವಿ?”

ಮಾವ ಆಗ ಬಾಯಿ ಬಿಟ್ಟರು. “ಆಲಿಕಲ್ಲೂ ಕಡಿತೈತಿ, ನಾನೂ ಕಡಿತೀನಿ. ಆಲಿಕಲ್ಲಿಗಿ ಕಣ್ಣ ಎಣಸಾಕ ಬರೂದಿಲ್ಲ. ಅಷ್ಟ ಫರಕ.”

ಇನ್ನೊಂದು ಫರಕ್ಕೂ ಇದೆ. ಎಲೆ ಇಲ್ಲದ ಬಳ್ಳಿಗೆ ಅಡುಗೆಮನೆಯೇ ಇಲ್ಲ. ಹೊಸ ಎಲೆ ತಾನೇ ದುಡಿಯುವ ತನಕ ಚಿಗುರು ಬದುಕುವುದು ಬೇರು ಮತ್ತು ಕಾಂಡದಲ್ಲಿ ಕೂಡಿಟ್ಟ ಪಿಷ್ಟದ ಮೇಲೆ. ಅದಕ್ಕೇ ಸುಗ್ಗಿ ಮುಗಿದ ಕೂಡಲೇ ಕತ್ತರಿ ಹಾಕುವುದಿಲ್ಲ. ಕೆಲವು ವಾರ ನೀರು ಗೊಬ್ಬರ ಕೊಟ್ಟು ಬಳ್ಳಿಗೆ ವಿಶ್ರಾಂತಿ. ಕೂಡಿಟ್ಟ ಗಂಟು ಇಲ್ಲದ ಬಳ್ಳಿಗೆ ಎಂಥ ಜಾಣ ಕೈ ಚಾಟ್ನಿ ಮಾಡಿದರೂ ಚಿಗುರು ಸೊರಗುತ್ತದೆ.

ಬಳ್ಳಿಯ ಮಾತು ಮನುಷ್ಯರಿಗೆ ಅಂಟಿಸುವುದು ಸುಲಭ. ಹಾಗಾಗಿ ಮನುಷ್ಯರ ಮೇಲೇ ನಡೆದ ಲೆಕ್ಕಾಚಾರ ನೋಡೋಣ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಯಾಂಗ್ ವಾಂಗ್, ಬೆಂಜಮಿನ್ ಜೋನ್ಸ್ ಮತ್ತು ದಾಶುನ್ ವಾಂಗ್ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1990ರಿಂದ 2005ರವರೆಗೆ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಸಂಶೋಧನಾ ಹಣಕ್ಕೆ ಅರ್ಜಿ ಹಾಕಿದ ಕಿರಿಯ ವಿಜ್ಞಾನಿಗಳಲ್ಲಿ ಎರಡು ಗುಂಪು ತೆಗೆದುಕೊಂಡರು. ಒಂದು ಕೂದಲೆಳೆಯಲ್ಲಿ ಗೆದ್ದವರದು, ಇನ್ನೊಂದು ಕೂದಲೆಳೆಯಲ್ಲಿ ಸೋತವರದು. ನಮ್ಮ ಹುಡುಗನ ಎರಡು ಅಂಕದ ಹಾಗೆ. ಮುಂದಿನ ಹತ್ತು ವರ್ಷದಲ್ಲಿ, ಹೆಚ್ಚು ಪ್ರಭಾವ ಬೀರಿದ ಪ್ರಬಂಧಗಳ ಪ್ರಮಾಣ ಸೋತವರ ಗುಂಪಿನಲ್ಲೇ ಜಾಸ್ತಿ ಇತ್ತು.

ಇಷ್ಟಕ್ಕೇ ನಿಲ್ಲಿಸಿ ಚಪ್ಪಾಳೆ ತಟ್ಟುವವರು ಬಹಳ. ಅದೇ ಅಧ್ಯಯನದ ಇನ್ನೊಂದು ಅರ್ಧವನ್ನು ಯಾರೂ ವಾಟ್ಸಾಪಿನಲ್ಲಿ ಕಳಿಸುವುದಿಲ್ಲ. ಆ ಒಂದು ಸೋಲಿನಿಂದ, ಆ ಸಂಸ್ಥೆಯ ಅನುದಾನದ ಲೋಕದಿಂದಲೇ ಶಾಶ್ವತವಾಗಿ ಕಣ್ಮರೆಯಾಗುವ ಸಾಧ್ಯತೆ ಶೇ. 10ಕ್ಕಿಂತ ಜಾಸ್ತಿಯಾಗಿತ್ತು. ಮೇಲಕ್ಕೆ ಬಂದವರು ಬಿಡದೆ ಉಳಿದುಕೊಂಡವರು. ದುರ್ಬಲರು ಬಿಟ್ಟುಹೋದದ್ದರಿಂದ ಹಾಗೆ ಕಾಣುತ್ತಿದೆಯೇ ಎಂದೂ ಅವರು ಪರೀಕ್ಷಿಸಿದರು. ಅದೊಂದೇ ಕಾರಣ ಸಾಲುತ್ತಿರಲಿಲ್ಲ. ಆದರೆ ಹೋದವರು ಹೋದರು. ಅವರಿಗೆ ಗಂಟು ಎಷ್ಟಿತ್ತು, ಮನೆ ಸಾಲ ಎಷ್ಟಿತ್ತು, ಅಂಕಿಸಂಖ್ಯೆ ಹೇಳುವುದಿಲ್ಲ.

ಅದೇ ವರ್ಷ ದಾಶುನ್ ವಾಂಗ್ ಇನ್ನೊಂದು ತಂಡದ ಜೊತೆ ಬೇರೆ ಪ್ರಶ್ನೆ ಹಿಡಿದರು. ಮತ್ತೆ ಮತ್ತೆ ಸೋತು ಕೊನೆಗೆ ಗೆದ್ದವರಿಗೂ ಸೋಲುತ್ತಲೇ ಉಳಿದವರಿಗೂ ಏನು ವ್ಯತ್ಯಾಸ? ಏಳು ಲಕ್ಷಕ್ಕೂ ಹೆಚ್ಚು ಅನುದಾನ ಅರ್ಜಿಗಳನ್ನೂ ಸ್ಟಾರ್ಟಪ್ ಕಂಪನಿಗಳ ದಾಖಲೆಗಳನ್ನೂ ನೋಡಿದರು. ಎಷ್ಟು ಸಲ ಪ್ರಯತ್ನಿಸಿದರು ಅನ್ನುವುದು ಇಬ್ಬರನ್ನೂ ಬೇರೆ ಮಾಡಲಿಲ್ಲ. ಸೋತವರೇನೂ ಕಡಿಮೆ ದುಡಿದಿರಲಿಲ್ಲ. ಬೇರೆ ಮಾಡಿದ್ದು ಒಂದು ಸೋಲಿನಿಂದ ಮುಂದಿನದಕ್ಕೆ ಇರುವ ಕಾಲದ ಅಂತರ. ಮುಂದೆ ಗೆಲ್ಲುವವರಲ್ಲಿ ಅದು ಸಲಸಲಕ್ಕೂ ಕಿರಿದಾಗುತ್ತಿತ್ತು. ಹಳೆಯ ಪ್ರಯತ್ನದಲ್ಲಿ ಚೆನ್ನಾಗಿದ್ದ ಭಾಗವನ್ನು ಉಳಿಸಿಕೊಂಡು ಕೆಟ್ಟದ್ದನ್ನಷ್ಟೇ ಹೊಸದಾಗಿ ಮಾಡಿದರೆ ಹೀಗಾಗುತ್ತದೆ ಎಂದು ಅವರ ಗಣಿತ ಹೇಳಿತು. ಎಲ್ಲವನ್ನೂ ಪ್ರತಿಸಲ ಸೊನ್ನೆಯಿಂದ ಶುರು ಮಾಡಿದರೆ ಬೆವರು ಮಾತ್ರ. ನಡುವೆ ಒಂದು ಗಡಿಯೂ ಇದೆ. ಗಡಿಯ ಸ್ವಲ್ಪ ಆಚೆ ಈಚೆ ಇದ್ದವರ ಹಣೆಬರಹ ನೀರು, ಮಂಜುಗಡ್ಡೆಯಷ್ಟು ಬೇರೆಯಾಗುತ್ತದೆ.

ಇದನ್ನು ಹುಡುಗನಿಗೆ ಹೇಳಿದೆ. ಅವನು ಪ್ರತಿಸಲ ಹೊಸ ಪುಸ್ತಕ, ಹೊಸ ಕೋಚಿಂಗ್, ಹೊಸ ಟೈಮ್‌ಟೇಬಲ್ ಹಿಡಿದವನು. ಮೂರೂ ಸಲದ ಅಂಕ ಪಕ್ಕಪಕ್ಕ ಇಟ್ಟು ನೋಡಿದೆವು. ಇತಿಹಾಸ, ಸಂವಿಧಾನ ಚೆನ್ನಾಗಿಯೇ ಇದ್ದವು. ಮೂರೂ ಸಲ ನೀರು ಸೋರಿದ್ದು ಒಂದೇ ಕಡೆ, ಲೆಕ್ಕದಲ್ಲಿ.

ಅಕ್ಟೋಬರ್‌ನಲ್ಲಿ ಮತ್ತೆ ಹೋದಾಗ ಅವನೇ ಮಾದರಿ ಕಡ್ಡಿಗಳನ್ನು ಪರೀಕ್ಷೆ ಮಾಡಿಸಿಕೊಂಡು ಬಂದಿದ್ದ. ಕಣ್ಣನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವುದರಲ್ಲಿ ಗೊನೆ ಇದೆ ಅಂತ ತಿಳಿಯುತ್ತದೆ. ಎಲ್ಲಿ ಕಡಿಯಬೇಕು ಅನ್ನುವುದು ಅದರ ಮೇಲೆ. ಜೇಬಿನಲ್ಲಿ ಮಡಚಿದ ಕಾಗದದ ಒಂದು ಬದಿಗೆ ಶೇಕಡಾವಾರು ಲೆಕ್ಕಗಳಿದ್ದವು, ಇನ್ನೊಂದು ಬದಿಗೆ ಕಣ್ಣುಗಳ ಪಟ್ಟಿ.

“ಅಪ್ಪಾ, ಆರನೇ ಕಣ್ಣಿನ ತನಕ ಗೊನಿ ಐತಂತ.”

“ಹಂಗಾದ್ರ ಏಳ ಬಿಟ್ಟ ಕಡಿ,” ಅಂದರು ಮಾವ, ಕತ್ತರಿಯನ್ನು ಅವನ ಕೈಗೆ ಕೊಟ್ಟು.