ಸೋರುವ ಕವಾಟ ಮತ್ತು ಇ.ಎಫ್. ಎಂಬ ಅಂಕಿ

ಹೃದಯದ ಎಕೋ (ಶ್ರವಣಾತೀತ ಧ್ವನಿಯ ಸ್ಕ್ಯಾನ್) ವರದಿ ಕೈಗೆ ಬಂದೊಡನೆ ಮನೆಮಂದಿ ಮೊದಲು ಹುಡುಕುವುದು ಇ.ಎಫ್. ಎಂಬ ಅಂಕಿಯನ್ನು. ಅದು ಶೇ. 60 ಇದ್ದರೆ ಹೃದಯ ಗಟ್ಟಿಯಾಗಿದೆ, ಶಸ್ತ್ರಚಿಕಿತ್ಸೆಗೆ ಅವಸರವಿಲ್ಲ ಎಂದು ನಿರಾಳರಾಗುತ್ತಾರೆ. ಹೃದಯದ ಎಡಭಾಗದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಮೈಟ್ರಲ್ ಕವಾಟ ತೀವ್ರವಾಗಿ ಸೋರುತ್ತಿರುವವರ ವಿಷಯದಲ್ಲಿ ಈ ನಿರಾಳತೆ ಅಪಾಯಕಾರಿ. ಕವಾಟ ಸರಿಪಡಿಸಿದ ಮೇಲೆ ಹೃದಯ ಹೇಗಿದ್ದೀತೆಂಬುದನ್ನು ಆ ಒಂದು ಅಂಕಿ ಹೇಳಲಾರದು.

ಎಡ ಹೃತ್ಕುಕ್ಷಿಯು, ಅಂದರೆ ಎಡಭಾಗದ ಕೆಳಗಿನ ಕೋಣೆಯು, ತುಂಬಿಕೊಂಡ ರಕ್ತದಲ್ಲಿ ಪ್ರತಿ ಬಡಿತಕ್ಕೆ ಎಷ್ಟು ಪಾಲನ್ನು ಹೊರದಬ್ಬುತ್ತದೆ ಎಂಬುದೇ ಇ.ಎಫ್.; ಆ ರಕ್ತ ಎತ್ತ ಹೋಯಿತೆಂಬುದು ಲೆಕ್ಕಕ್ಕೆ ಬರುವುದಿಲ್ಲ. 160 ಮಿ.ಲೀ. ತುಂಬಿಕೊಂಡ ಹೃತ್ಕುಕ್ಷಿ 100 ಮಿ.ಲೀ. ಹೊರಹಾಕಿದರೆ ಇ.ಎಫ್. ಸುಮಾರು ಶೇ. 62 ಆಗುತ್ತದೆ. ಅದರಲ್ಲಿ 50 ಮಿ.ಲೀ. ಸೋರುವ ಕವಾಟದ ಮೂಲಕ ಮೇಲಿನ ಕೋಣೆಯಾದ ಎಡ ಹೃತ್ಕರ್ಣಕ್ಕೇ ಮರಳಿದರೆ ದೇಹಕ್ಕೆ ಸಿಕ್ಕಿದ್ದು ಉಳಿದರ್ಧ ಮಾತ್ರ. ಮಹಾಧಮನಿಯ ಒತ್ತಡಕ್ಕೆ ಎದುರಾಗಿ ರಕ್ತವನ್ನು ತಳ್ಳುವುದಕ್ಕಿಂತ, ಒತ್ತಡ ಕಡಿಮೆಯಿರುವ ಹೃತ್ಕರ್ಣಕ್ಕೆ ತಳ್ಳುವುದು ಬಹಳ ಸುಲಭ. ಬುಡದಲ್ಲೇ ಪೈಪು ಒಡೆದ ಪಂಪ್‌ಸೆಟ್ಟು ನೀರನ್ನು ಧಾರಾಳವಾಗಿ ಚೆಲ್ಲುತ್ತದೆ. ಎತ್ತರದ ತೊಟ್ಟಿಗೆ ನೀರೇರಿಸುವ ಶಕ್ತಿ ಅದರಲ್ಲಿ ಉಳಿದಿದೆಯೇ ಎಂಬುದು ತಿಳಿಯುವುದು ಪೈಪು ಸರಿಪಡಿಸಿದ ಮೇಲೆಯೇ. ಹೃದಯದಲ್ಲಿಯೂ ಹಿಂದಿನ ದಾರಿ ಮುಚ್ಚಿದ ಬಳಿಕ ಇ.ಎಫ್. ಇಳಿಯುವುದು ಸಾಮಾನ್ಯ, ಸ್ನಾಯು ಮೊದಲೇ ಒಳಗೊಳಗೆ ಸೊರಗಿದ್ದರೆ ಅದು ಮತ್ತೆ ಏರದೆಯೂ ಹೋಗಬಹುದು. ಆದುದರಿಂದಲೇ ಕವಾಟದ ಸ್ವಂತ ದೋಷದಿಂದಾದ ತೀವ್ರ ಸೋರಿಕೆಯಲ್ಲಿ, ರೋಗಿಗೆ ಏದುಸಿರು ಬಾರದಿದ್ದರೂ, ಇ.ಎಫ್. ಶೇ. 60ಕ್ಕೆ ಇಳಿದಿದ್ದರೆ ಅಥವಾ ಪೂರ್ಣ ಸಂಕುಚಿಸಿದ ಹೃತ್ಕುಕ್ಷಿಯ ಒಳ ಅಗಲ 40 ಮಿ.ಮೀ. ಮುಟ್ಟಿದ್ದರೆ ಶಸ್ತ್ರಚಿಕಿತ್ಸೆ ಮಾಡಬೇಕೆಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಬೇರೆಯವರಿಗೆ ಸಮಾಧಾನ ತರುವ ಅಂಕಿಯೇ ಇಲ್ಲಿ ಎಚ್ಚರಿಕೆಯ ಗಂಟೆ.

ಎಕೋ ಹುಟ್ಟಿದ್ದೇ ಇಂಥ ಪ್ರಶ್ನೆಯಿಂದ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯರಿಗೆ, ಮೈಟ್ರಲ್ ಶಸ್ತ್ರಚಿಕಿತ್ಸೆಗೆ ಯಾರು ತಕ್ಕವರೆಂಬುದನ್ನು ಮೊದಲೇ ಅರಿಯುವ ಸಾಧನ ಬೇಕಿತ್ತು. 1953ರಲ್ಲಿ ಅವರೂ ಭೌತವಿಜ್ಞಾನಿ ಹೆಲ್ಮುಟ್ ಹರ್ಟ್ಸ್ ಅವರೂ ಲೋಹದ ಬಿರುಕುಗಳನ್ನು ಪತ್ತೆಹಚ್ಚುವ ಶ್ರವಣಾತೀತ ಧ್ವನಿಯ ಉಪಕರಣವನ್ನು ಎರವಲು ತಂದು, ಬಡಿಯುವ ಹೃದಯದ ಚಲನೆಯನ್ನು ಅದರಿಂದ ದಾಖಲಿಸಿದರು.

ಇಂದಿನ ಎಕೋ ಇನ್ನೂ ಒಳಗೆ ಇಳಿಯುತ್ತದೆ. ಸ್ನಾಯುವಿನ ಚಿತ್ರದಲ್ಲಿ ಕಾಣುವ ಸಣ್ಣ ಚುಕ್ಕೆಗಳನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಹಿಂಬಾಲಿಸಿ, ಹೃತ್ಕುಕ್ಷಿ ಉದ್ದಕ್ಕೆ ಎಷ್ಟು ಕುಗ್ಗುತ್ತದೆಂದು ಗಣಕಯಂತ್ರ ಅಳೆಯುತ್ತದೆ. ಇದಕ್ಕೆ ಸ್ಟ್ರೇನ್ ಎಂದು ಹೆಸರು. ಆರೋಗ್ಯವಂತರಲ್ಲಿ ಇದು ಸುಮಾರು ಶೇ. 20. ಇ.ಎಫ್. ಇನ್ನೂ ಚೆನ್ನಾಗಿರುವಾಗಲೇ ಸ್ಟ್ರೇನ್ ಕುಸಿದಿದ್ದರೆ, ರಿಪೇರಿಯ ನಂತರ ಹೃದಯದ ಬಲ ಕುಂದುವ ಸಂಭವ ಹೆಚ್ಚು. ಎಂ.ಆರ್.ಐ. ಸ್ನಾಯುವಿನಲ್ಲಿ ಕಟ್ಟಿದ ಗಾಯದ ಕಲೆಗಳನ್ನೂ ತೋರಿಸುತ್ತದೆ.

ಹೃದಯವೇ ಹಿಗ್ಗಿ ಕವಾಟ ಸೋರತೊಡಗಿದವರ ಕತೆ ಬೇರೆ. ಅಂಥವರ ಕವಾಟದ ಎಸಳುಗಳನ್ನು ಒಂದಕ್ಕೊಂದು ಹಿಡಿದಿಡುವ ಕ್ಲಿಪ್ ಹಾಕಿ ನೋಡಿದ ಎರಡು ಪ್ರಯೋಗಗಳು 2018ರಲ್ಲಿ ಪ್ರಕಟವಾದವು: ಕೋಆಪ್ಟ್‌ನಲ್ಲಿ ಸಾವುಗಳು ಇಳಿದವು, ಮಿತ್ರಾ-ಎಫ್‌ಆರ್‌ನಲ್ಲಿ ಇಳಿಯಲಿಲ್ಲ. ಕೋಆಪ್ಟ್ ರೋಗಿಗಳಲ್ಲಿ ಸೋರಿಕೆ ಹೆಚ್ಚಿತ್ತು, ಹೃತ್ಕುಕ್ಷಿ ಅಷ್ಟಾಗಿ ಹಿಗ್ಗಿರಲಿಲ್ಲ. ಮಿತ್ರಾ-ಎಫ್‌ಆರ್‌ನಲ್ಲಿ ಇದು ತಿರುವುಮುರುವಾಗಿತ್ತು. ಫಲಿತಾಂಶ ಬೇರೆಯಾದದ್ದಕ್ಕೆ ಇದೇ ಮುಖ್ಯ ಕಾರಣವೆಂದು ಹಲವು ತಜ್ಞರು ಭಾವಿಸುತ್ತಾರೆ, ಮತ್ತು ಈ ಎರಡು ಅಳತೆಗಳೂ ಕ್ಲಿಪ್ ಹಾಕುವ ಮೊದಲೇ ಎಕೋದಲ್ಲಿ ಸಿಗುವಂಥವು.