ಕೆಲಸದ ಸುದ್ದಿ ಹರಡುವ ಮೇಜುಗಳು

ಸಿನಿಮಾ, ಜಾಹೀರಾತು, ವಿನ್ಯಾಸ, ಸಂಗೀತದಂಥ ಉದ್ಯಮಗಳು ನೆಲೆಯೂರಿರುವ ನಗರಗಳಲ್ಲಿ ಎಷ್ಟೋ ಕೆಲಸಗಳು ಪ್ರಕಟಣೆಯ ರೂಪದಲ್ಲಿ ಹೊರಬರುವುದೇ ಇಲ್ಲ. ಇಲ್ಲಿ ತಂಡಗಳು ಒಂದು ಪ್ರಾಜೆಕ್ಟಿಗಾಗಿ ಕೂಡಿ, ಅದು ಮುಗಿದೊಡನೆ ಚದುರುತ್ತವೆ. ಮುಂದಿನದಕ್ಕೆ ಜನರನ್ನು ಹುಡುಕಲು ಸಿಗುವ ಕಾಲಾವಕಾಶ ಕೆಲವೊಮ್ಮೆ ಎರಡು ಮೂರು ದಿನ ಮಾತ್ರ. ಒಬ್ಬ ಸಂಕಲನಕಾರ್ತಿಯ ಕೌಶಲವನ್ನು ಆಕೆಯ ಪೋರ್ಟ್‌ಫೋಲಿಯೊ ತೋರಿಸುತ್ತದೆ. ಆದರೆ ಹೇಳಿದ ದಿನಕ್ಕೆ ಕೆಲಸ ಒಪ್ಪಿಸುತ್ತಾಳೆಯೇ, ಐದನೆಯ ಸಲ ಬದಲಾವಣೆ ಕೇಳಿದಾಗಲೂ ತಾಳ್ಮೆಯಿಂದ ಇರುತ್ತಾಳೆಯೇ ಎಂಬುದು ಜೊತೆಗೆ ದುಡಿದವರಿಗಷ್ಟೇ ಗೊತ್ತು. ಕಚೇರಿ ಬಿಟ್ಟ ಮೇಲೆ ಕೆಫೆ ಮತ್ತು ಬಾರ್‌ಗಳಲ್ಲಿ ಕೈಬದಲಾಗುವುದು ಈ ತಿಳಿವಳಿಕೆಯೇ. ವೃತ್ತಿ ಸಲಹೆಗಾಗಿ ನನ್ನ ಬಳಿ ಬರುವ ಕಲಾವಿದರು, ತಂತ್ರಜ್ಞರು ಅಲ್ಲಿ ಅವಕಾಶ ಸಿಗುತ್ತದೆಂದು ನಂಬಿ ಹೋಗುತ್ತಾರೆ. ವಾಸ್ತವದಲ್ಲಿ ಅಲ್ಲಿ ರೂಪುಗೊಳ್ಳುವುದು ಅವರ ಬಗ್ಗೆ ಬೇರೆಯವರು ಆಡಬಹುದಾದ ಮಾತು.

ಈ ಪದ್ಧತಿ ಹಳೆಯದು. 17ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಎಡ್ವರ್ಡ್ ಲಾಯ್ಡ್ ಎಂಬುವರ ಕಾಫಿ ಅಂಗಡಿಗೆ ಹಡಗಿನ ಕಪ್ತಾನರು, ವರ್ತಕರು, ಹಡಗುಗಳ ಒಡೆಯರು ಸುದ್ದಿಗಾಗಿ ಬರುತ್ತಿದ್ದರು. ಇಂದಿನ ಲಾಯ್ಡ್ಸ್ ವಿಮಾ ಮಾರುಕಟ್ಟೆಯ ಮೂಲ ಅಲ್ಲಿದೆ. ಇನ್ನೂ ಹೆಚ್ಚು ಕಲಿಸುವ ಉದಾಹರಣೆ ಅಮೆರಿಕದ್ದು. 20ನೇ ಶತಮಾನದ ಆರಂಭದಲ್ಲಿ ರಾಜ್ಯಗಳು ಪಾನನಿಷೇಧ ತಂದಾಗ, ಅಲ್ಲಿಯವರೆಗೆ ಪಾನಗೃಹಗಳಿದ್ದ ಕೌಂಟಿಗಳಲ್ಲಿ (ಜಿಲ್ಲೆಯಂಥ ವಿಭಾಗಗಳಲ್ಲಿ) ಹೊಸ ಆವಿಷ್ಕಾರಗಳಿಗೆ ಪಡೆದ ಪೇಟೆಂಟ್‌ಗಳ ಸಂಖ್ಯೆ, ಮೊದಲೇ ಪಾನನಿಷೇಧವಿದ್ದ ಕೌಂಟಿಗಳಿಗೆ ಹೋಲಿಸಿದರೆ, ಇಳಿಯಿತೆಂದು ಅರ್ಥಶಾಸ್ತ್ರಜ್ಞ ಮೈಕಲ್ ಆ್ಯಂಡ್ರೂಸ್ ತೋರಿಸಿದ್ದಾರೆ. ಕೆಲವು ವರ್ಷಗಳ ನಂತರ ಅದು ಚೇತರಿಸಿಕೊಂಡಿತು. ಪಾನಗೃಹಗಳಿಗೆ ಅಷ್ಟಾಗಿ ಹೋಗದಿದ್ದ ಮಹಿಳೆಯರ ಪೇಟೆಂಟ್‌ಗಳ ಮೇಲೆ ಮಾತ್ರ ಪರಿಣಾಮ ಕಡಿಮೆಯಿತ್ತು. ಇದರಿಂದ ನಾನು ತೆಗೆದುಕೊಳ್ಳುವ ಅರ್ಥ ಎರಡು: ಮುಖ್ಯವಾದದ್ದು ಮದ್ಯವಲ್ಲ, ಕೂಡುವ ಜಾಗ, ಮತ್ತು ಆ ಜಾಗದ ಲಾಭ ಎಲ್ಲರಿಗೂ ಸಮನಾಗಿ ದಕ್ಕುತ್ತಿರಲಿಲ್ಲ.

ಆಪ್ತ ಗೆಳೆಯರ ಜೊತೆಗೇ ಸಂಜೆ ಕಳೆಯುವವರಿಗೂ ಲಾಭ ಕಡಿಮೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಚಿತರ ಮೂಲಕ ಕೆಲಸ ಪಡೆದವರ ಪೈಕಿ ಶೇ 17ರಷ್ಟು ಮಂದಿ ಮಾತ್ರ ಆ ಪರಿಚಿತರನ್ನು ಆಗಾಗ ಭೇಟಿಯಾಗುತ್ತಿದ್ದರು. ಉಳಿದವರದು ಆಗೊಮ್ಮೆ ಈಗೊಮ್ಮೆಯ ಇಲ್ಲವೇ ಅಪರೂಪದ ಭೇಟಿ. ನಮ್ಮ ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ಬೇರೆ ಬಳಗದಲ್ಲಿ ಓಡಾಡುವವರಿಂದ. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೊಂದು ತಿದ್ದುಪಡಿ ಸೇರಿಸಿತು: ಅತಿ ತೆಳುವಾದ ಪರಿಚಯಕ್ಕಿಂತ, ಇಬ್ಬರಿಗೂ ಗೊತ್ತಿರುವ ಒಂದಿಷ್ಟು ಜನರಿರುವ ಮಧ್ಯಮ ಪರಿಚಯವೇ ಹೆಚ್ಚು ಫಲಕಾರಿ. ಹಾಗಾಗಿ ಒಂದೇ ಸಂಜೆ ಮೂವತ್ತು ಜನರ ಕೈಕುಲುಕುವುದಕ್ಕಿಂತ, ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ನಾಲ್ಕು ಜನರಿಗೆ ಮುಖಪರಿಚಿತರಾಗುವುದು ಮೇಲು.

ಅಲ್ಲಿ ಆಡುವ ಮಾತಿನ ಬಗೆಯೂ ಮುಖ್ಯ. "ಈಗೇನು ಮಾಡ್ತಿದ್ದೀರಿ?" ಎಂದು ಕೇಳಿದರೆ "ಸೌಂಡ್ ಡಿಸೈನ್" ಎಂಬ ಉತ್ತರ ಅಲ್ಲಿಗೇ ನಿಲ್ಲುತ್ತದೆ. "ಒಂದು ಸಾಕ್ಷ್ಯಚಿತ್ರದ ಸಂದರ್ಶನಗಳನ್ನೆಲ್ಲ ಮಳೆಯಲ್ಲೇ ರೆಕಾರ್ಡ್ ಮಾಡಿದ್ದಾರೆ, ಆ ಸದ್ದಿನಿಂದ ಮಾತನ್ನು ಬಿಡಿಸ್ತಾ ಇದ್ದೀನಿ, ಶುಕ್ರವಾರಕ್ಕೆ ಮುಗಿಯುತ್ತೆ" ಎಂದರೆ, ಕೇಳಿದವರ ನೆನಪಿನಲ್ಲಿ ಉಳಿಯಲು ಮೂರು ಸಂಗತಿಗಳಿರುತ್ತವೆ: ನಿಮ್ಮ ಕೌಶಲ, ನೀವು ಮಾಡುವ ಕೆಲಸದ ಸ್ವರೂಪ, ನೀವು ಯಾವಾಗ ಬಿಡುವಾಗುತ್ತೀರಿ ಎಂಬುದು. ಮುಂದಿನ ವಾರ ಬೇರೊಂದು ಮೇಜಿನಲ್ಲಿ ಯಾರೋ ಹೊರಾಂಗಣದ ಧ್ವನಿಮುದ್ರಣ ಹಾಳಾಯಿತೆಂದು ಗೋಳು ಹೇಳಿಕೊಂಡಾಗ ನಿಮ್ಮ ಹೆಸರು ತಾನಾಗಿ ಬಾಯಿಗೆ ಬರುತ್ತದೆ, ನೀವು ಅಲ್ಲಿ ಇರಬೇಕಾಗಿಯೂ ಇಲ್ಲ. ಗ್ರಾಹಕರ ಹೆಸರು, ಬಿಡುಗಡೆಯಾಗದ ಕೃತಿಯ ವಿವರ ಮಾತ್ರ ಬಾಯಿಂದ ಹೊರಬೀಳಬಾರದು. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಪಕ್ಕದ ಮೇಜಿನಲ್ಲಿ ಕುಳಿತವರೂ ಕೇಳುಗರೇ. ಸಂಭಾವನೆಯ ಮಾತು ಬಂದರೆ "ನಾಳೆ ಮೇಲ್ ಮಾಡ್ತೀನಿ" ಎಂದು ಹೇಳಿ, ಮರುದಿನ ಬೆಳಿಗ್ಗೆಯೇ ಕೆಲಸದ ವ್ಯಾಪ್ತಿ, ಮೊತ್ತ, ಪಾವತಿಯ ದಿನಾಂಕಗಳನ್ನು ಬರೆದು ಕಳಿಸಬೇಕು.

ಇಷ್ಟೆಲ್ಲ ಹೇಳಿದರೂ ನನ್ನನ್ನು ಹೆಚ್ಚು ಕಾಡುವುದು ಆ ಮೇಜಿಗೆ ಬರಲಾಗದವರ ಪಾಡು. ಸಂಜೆ ಏಳಕ್ಕೆ ಮಗುವನ್ನು ಮಲಗಿಸಬೇಕಾದ ತಾಯಿ ಅಥವಾ ತಂದೆ, ಮದ್ಯ ಮುಟ್ಟದವರು, ತಡರಾತ್ರಿ ಒಂಟಿಯಾಗಿ ಮನೆಗೆ ಹಿಂದಿರುಗಲು ಅಂಜುವ ಹುಡುಗಿ, ಮೆಟ್ಟಿಲು ಹತ್ತಲಾಗದವರು, ಜೋರು ಸಂಗೀತದ ನಡುವೆ ಮಾತು ಸರಿಯಾಗಿ ಕೇಳಿಸದವರು, ಬಿಲ್ಲಿನ ತಮ್ಮ ಪಾಲು ಕೊಡಲು ಹಿಂದೆಮುಂದೆ ನೋಡುವ ಹೊಸಬರು: ಇವರ ಪ್ರತಿಭೆಯಲ್ಲಿ ಕೊರತೆ ಇರುವುದಿಲ್ಲ, ಇವರ ಹೆಸರೆತ್ತುವವರ ಕೊರತೆ ಇರುತ್ತದೆ. ಇದನ್ನು ಅವರವರೇ ಸರಿಪಡಿಸಿಕೊಳ್ಳಲಿ ಎನ್ನುವುದು ಅನ್ಯಾಯ. ಕೆಲಸ ಕೊಡುವ ನಿರ್ಮಾಪಕರು, ಕಲಾ ನಿರ್ದೇಶಕರು, ಸ್ಟುಡಿಯೊ ಮುಖ್ಯಸ್ಥರು ಮೊದಲು ಬದಲಾಗಬೇಕು. ತಿಂಗಳಿಗೊಮ್ಮೆಯಾದರೂ ಕೂಟವನ್ನು ಮಧ್ಯಾಹ್ನಕ್ಕೆ ತಂದು, ಗಲಾಟೆಯಿಲ್ಲದ ನೆಲಮಹಡಿಯ ಕೆಫೆಯನ್ನು ಆರಿಸಿ, ಮುಗಿಯುವ ವೇಳೆಯನ್ನು ಮೊದಲೇ ತಿಳಿಸಿ, ಬಿಲ್ಲನ್ನು ಸಂಸ್ಥೆಯೇ ಕೊಟ್ಟರೆ ಬರುವ ಮುಖಗಳು ಬದಲಾಗುತ್ತವೆ. ಯಾರನ್ನಾದರೂ ಆರಿಸುವ ಮುನ್ನ ಮೇಜಿನಲ್ಲಿ ಕೇಳಿಬಂದ ಹೆಸರುಗಳ ಜೊತೆಗೆ, ಆ ಬಳಗದಲ್ಲಿ ಯಾರಿಗೂ ಪರಿಚಯವಿಲ್ಲದ ಇಬ್ಬರ ಕೆಲಸವನ್ನಾದರೂ ನೋಡಿ, ಸಾಧ್ಯವಾದರೆ ಅವರಲ್ಲೊಬ್ಬರಿಗೆ ಸಂಭಾವನೆ ಕೊಟ್ಟೇ ಒಂದು ಸಣ್ಣ ಭಾಗವನ್ನು ಒಪ್ಪಿಸಬೇಕು. ಆ ಕೆಲಸ ಚೆನ್ನಾಗಿ ಮೂಡಿಬಂದರೆ, ಮುಂದಿನ ಸಲ ಮೇಜಿನ ಸುತ್ತ ಅವರ ಹೆಸರನ್ನು ಹೇಳುವ ಹೊಣೆಯೂ ಒಪ್ಪಿಸಿದವರದೇ.